ಬೀಗರ ಕಾಲಿಗೆ ಬಿಸಿನೀರು

ಹೂರಣ ಕುದಿಯುವ ವಾಸನೆ ನನಗೆ ಆಗಿಬರುವುದಿಲ್ಲ. ಕಡ್ಲೆಬೇಳೆ, ಬೆಲ್ಲ, ಏಲಕ್ಕಿ ಮೂರೂ ಸೇರಿ ಏಳುವ ಆ ಸಿಹಿ ಹಬೆಗೆ ಎಲ್ಲರೂ ಮೂಗರಳಿಸುತ್ತಾರೆ, ನಾನು ಸೆರಗನ್ನು ಮೂಗಿಗೆ ಹಿಡಿದು ಎದ್ದು ಹೋಗುತ್ತೇನೆ. ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲೂ ಹಾಗೇ ಆಯಿತು. ಅಡುಗೆಯವರು ಹಿತ್ತಲಿನಲ್ಲಿ ದೊಡ್ಡ ಕೊಳಗವಿಟ್ಟುಕೊಂಡು ಹೂರಣ ತಿರುವುತ್ತಿದ್ದರು. ಗಾಳಿ ನಮ್ಮ ಕಡೆ ತಿರುಗಿತು... ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟು ಬೀದಿಗೆ ಬಂದುಬಿಟ್ಟೆ. ಯಾಕೆಂದು ಕೇಳಿದವರಿಗೆ ತಲೆನೋವು ಎಂದೆ. ನಿಜ ಹೇಳಿದ್ದರೆ ಶುಭಕಾರ್ಯಕ್ಕೆ ನನ್ನನ್ನು ಮತ್ತೆ ಯಾರೂ ಕರೆಯುತ್ತಿರಲಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಕೊಳೆತ ಕಾಲು.

ಆ ಕಾಲು ನಮ್ಮ ಪಕ್ಕದ ಮನೆಯ ಕಾಕನದು. ರಕ್ತಸಂಬಂಧವೇನೂ ಅಲ್ಲ. ಶಿಕಾರಿಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ಮಾತು ಬಂದಾಗಿನಿಂದ ಅವರನ್ನು ಕಾಕ ಎಂದೆ, ಅವರ ಹೆಂಡತಿಯನ್ನು ಚಿಗವ್ವ ಎಂದೆ. ಅವರ ಒಬ್ಬಳೇ ಮಗಳು ನನ್ನ ಓರಗೆಯವಳು, ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಕಾಕನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ ಇತ್ತು. ಉಡುತಡಿ, ಶಿರಾಳಕೊಪ್ಪದ ಕಡೆಯಿಂದೆಲ್ಲ ಜನ ಮದುವೆ ಪಾತ್ರೆಗೆಂದು ಅಲ್ಲಿಗೇ ಬರುತ್ತಿದ್ದರು. ಕೊಳಗವನ್ನು ಬೆರಳ ಗೆಣ್ಣಿನಿಂದ ಟಣ್ಣೆಂದು ಬಾರಿಸಿ, "ಕೇಳಿದ್ರಾ? ಇದು ನಿಮ್ಮ ಮೊಮ್ಮಕ್ಕಳ ಮದ್ವಿಗೂ ಬರ್ತೈತಿ" ಎನ್ನುತ್ತಿದ್ದರು. ಪಾತ್ರೆಗೆ ಹೆಸರು ಕೊರೆಯುವ ಮಿಷನ್ನು ಕರ್ರೆಂದು ಸದ್ದು ಮಾಡುವಾಗ ಅದಕ್ಕಿಂತ ಜೋರಾಗಿ ಮಾತಾಡುವ ಅಭ್ಯಾಸವಾಗಿ, ಮನೆಯಲ್ಲೂ ಅವರದು ಕೂಗು ದನಿಯೇ. ಗೋಡೆಯ ಈಚೆ ಕೂತು ಅವರ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ನಾವು ತಿಳಿದುಕೊಳ್ಳುತ್ತಿದ್ದೆವು.

ಒಂದು ಸಂಜೆ ಕಾಕ ಅಂಗಡಿಯಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ಎಲ್ಲೋ ದಾರಿಯಲ್ಲಿ ಕಳಚಿಕೊಂಡಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕನೂ ನಕ್ಕರು. ಆಮೇಲೆ ಅದು ಮತ್ತೆ ಮತ್ತೆ ಆಗತೊಡಗಿತು. ತಂಬಿಗೆಗಟ್ಟಲೆ ನೀರು ಕುಡಿಯುವುದು, ಅಂಗಡಿಯಲ್ಲಿ ಕೂತಲ್ಲೇ ತೂಕಡಿಸುವುದು, ಕೊರೆದ ಹೆಸರಿನ ಅಕ್ಷರ ಸೊಟ್ಟಗಾಗುವುದು. ನಮ್ಮ ಅಪ್ಪ ಬಲವಂತದಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಸಕ್ಕರೆ ಕಾಯಿಲೆ, ಬಹಳ ಮುಂದಕ್ಕೆ ಹೋಗಿದೆ, ಮಾತ್ರೆಗೆ ಬಗ್ಗುವುದಿಲ್ಲ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರಂತೆ ಡಾಕ್ಟರು. ಕಾಲನ್ನು ಕಣ್ಣಿನ ಹಾಗೆ ನೋಡಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ, ಸ್ಪರ್ಶ ಹೋಗಿದೆ ಎಂದೂ ಹೇಳಿದರಂತೆ.

ಮಾರನೆ ದಿನ ಕಾಕ ನಮ್ಮ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದ್ದು ಕೇಳಿದೆ.

"ನೋಡವಾ, ಹುಡುಗಿ ಮ್ಯಾಲೆ ಅಕ್ಕಿಕಾಳು ಬೀಳೋತನಕ ಈ ಸುದ್ದಿ ಗ್ವಾಡಿ ದಾಟಬಾರದು" ಎಂದು ಅಮ್ಮನಿಗೆ ಹೇಳಿದರು.

ಮಗಳಿಗೆ ಗಂಡು ನೋಡುತ್ತಿದ್ದರು. ಸಕ್ಕರೆ ಕಾಯಿಲೆಯ ಮನೆತನ ಎಂದು ಹೆಸರು ಬಿತ್ತೆಂದರೆ ಮುಗಿಯಿತು, ಆ ಮನೆಯ ಹೆಣ್ಣು ಯಾರಿಗೂ ಬೇಡ. ಮೈಬಣ್ಣ ಕಪ್ಪಾದರೂ ನಡೆದೀತು, ಅಪ್ಪ ಇಸ್ಪೀಟು ಆಡಿದರೂ ನಡೆದೀತು, ರಕ್ತದಲ್ಲಿ ಸಕ್ಕರೆ ನಡೆಯುವುದಿಲ್ಲ. ಇದನ್ನು ಹೇಳುತ್ತಿದ್ದವರು ಮಾತ್ರ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದುಕೊಂಡು ಕುಡಿಯುತ್ತಿದ್ದ ಜನ. ಈಗ ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ.

ನಮ್ಮ ಸಾಲಿನಲ್ಲಿ ಫ್ರಿಜ್ಜು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಾಕನ ಇನ್ಸುಲಿನ್ ಬಾಟಲಿ ಮೊಸರಿನ ಪಾತ್ರೆಯ ಹಿಂದೆ, ಅವರದೇ ಅಂಗಡಿಯ ಒಂದು ಸ್ಟೀಲ್ ಡಬ್ಬಿಯೊಳಗೆ ಬಂದು ಕೂತಿತು. ದಿನಾ ಬೆಳಿಗ್ಗೆ ಪೇಪರ್ ಓದುವ ನೆಪದಲ್ಲಿ ಬರುತ್ತಿದ್ದರು. ಅಮ್ಮ ಗಾಜಿನ ಸಿರಿಂಜನ್ನು ಕುದಿಸಿ ಕೊಡುತ್ತಿದ್ದಳು. ಕಾಕ ಬನಿಯನ್ನು ಮೇಲೆತ್ತಿ ಹೊಟ್ಟೆಗೆ ಚುಚ್ಚಿಕೊಂಡು, ಏನೂ ಆಗದವರ ಹಾಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಔಷಧಿಯನ್ನು ಊರಲ್ಲಿ ಕೊಳ್ಳದೆ ಶಿವಮೊಗ್ಗದಿಂದಲೇ ತರಿಸುತ್ತಿದ್ದರು. ಆ ಪುಟ್ಟ ಬಾಟಲಿಯ ಆಕಾರ, ಅದರ ರಬ್ಬರಿನ ಮುಚ್ಚಳ, ಅದರ ಔಷಧಿ ವಾಸನೆ ನನಗೆ ಬಾಯಿಪಾಠವಾಗಿತ್ತು.

ಸೊರಬದಿಂದ ಸಂಬಂಧ ಬಂತು. ಅಕ್ಕಿ ಮಿಲ್ಲಿನ ಮನೆ, ಹೊಸಬಾಳೆಯಲ್ಲಿ ಗದ್ದೆ, ಹುಡುಗ ಒಳ್ಳೆಯವನು. ಸಂಬಂಧ ತಂದವರು ಒಂದು ಮಾತು ಸೇರಿಸಿದರು: ಬಡವರಾದರೂ ಚಿಂತೆಯಿಲ್ಲ, ಮೈಯಲ್ಲಿ ಸಕ್ಕರೆ ಇರುವ ಮನೆತನ ಬೇಡ ಅಂದಿದ್ದಾರೆ ಹುಡುಗನ ಅಪ್ಪ. ಅದನ್ನು ಕೇಳಿ ಚಿಗವ್ವ ಒಳಗೆ ಹೋಗಿ ದೇವರ ಮುಂದೆ ನಿಂತಳು. ಕಾಕ ಮಾತ್ರ ನಗುನಗುತ್ತಾ, "ಛೇ ಛೇ, ನಮ್ಮನ್ಯಾಗ ಯಾರಿಗೈತ್ರಿ ಅಂಥಾದ್ದು" ಎಂದರು.

ಹೆಣ್ಣು ನೋಡಲು ಬಂದ ದಿನ ಹುಡುಗನ ಅಪ್ಪ, ಮಿಲ್ಲಿನ ಯಜಮಾನರು, ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಕಾಕನ ತಟ್ಟೆಯನ್ನು ನೋಡಿದರು. ಎತ್ತರದ ಆಳು, ಬಿಳಿ ಪಂಚೆ, ಗಂಭೀರ ಮುಖ. ಕಾಕ ಲಾಡು ತಿನ್ನುತ್ತಾರೋ ಇಲ್ಲವೋ ಎಂದು ಕಾದಿದ್ದು, ತಿಂದ ಮೇಲೆ ತಾವೇ ಇನ್ನೊಂದು ಎತ್ತಿ ಹಾಕಿದರು. "ತಗೊಳ್ರಿ ಮಾರಾಯ್ರೆ, ಸಿಹಿ ತಿನ್ನೋರ ಮನೆ ಅಂದ್ರೆ ನಮಗೆ ಖುಷಿ." ಕಾಕ ಅದನ್ನೂ ತಿಂದು, ಅವರ ತಟ್ಟೆಗೂ ಒಂದು ಹಾಕಿದರು. ಅವರೂ ತಿಂದರು. ಪರೀಕ್ಷೆ ಪಾಸಾಯಿತು. ದನದ ಹಲ್ಲು ನೋಡಿ ವ್ಯಾಪಾರ ಮಾಡುವವರಿಗೂ ಇದಕ್ಕಿಂತ ನಾಚಿಕೆ ಇರುತ್ತದೆ.

ಮಾಘದಲ್ಲಿ ಸೊರಬದಲ್ಲೇ ಮದುವೆಯಾಯಿತು. ಗಂಡಿನ ಮನೆಯವರು ನಮ್ಮನ್ನೆಲ್ಲ ಮಿಲ್ಲಿನ ಪಕ್ಕದ ಕೋಣೆಗಳಲ್ಲಿ ಇಳಿಸಿದ್ದರು. ಕಾಕ ಇನ್ಸುಲಿನ್ನನ್ನು ನಮ್ಮ ಫ್ರಿಜ್ಜಿನಲ್ಲೇ ಬಿಟ್ಟು ಬಂದಿದ್ದರು. ಅಮ್ಮ ಜಗಳವಾಡಿದಳು, ನಾನೂ ಆಡಿದೆ. "ಬೀಗರ ಮನ್ಯಾಗ ಸೂಜಿ ಹಿಡ್ಕೊಂಡು ಕುಂದ್ರಲೇನು? ಮದ್ವಿ ಮುಗಿಸ್ಕೊಂಡು ಬಂದು ಚುಚ್ಕೊಂಡ್ರಾತು ಬಿಡು" ಎಂದು ಬಾಯಿ ಮುಚ್ಚಿಸಿದರು. ತಾಳಿ ಕಟ್ಟುವ ಹೊತ್ತಿಗೆ ಅವರ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಚಪ್ಪರದಲ್ಲಿದ್ದ ನೀರಿನ ಹಂಡೆಯ ಹತ್ತಿರ ಹತ್ತಿರವೇ ಸುಳಿಯುತ್ತಿದ್ದರು.

ಮದುವೆಯ ಮಾರನೆ ದಿನ ಬೀಗರ ಊಟ. ಆ ಮನೆಯ ಪದ್ಧತಿಯೊಂದಿತ್ತು. ಹೆಣ್ಣಿನ ತಂದೆ ಊಟಕ್ಕೆ ಒಳಗೆ ಕಾಲಿಡುವ ಮೊದಲು ಗಂಡಿನ ತಂದೆ ತಾನೇ ನಿಂತು ಅವರ ಕಾಲಿಗೆ ಬಿಸಿನೀರು ಹಾಕಬೇಕು. ಆಳುಕಾಳು ಹಾಕುವ ಹಾಗಿಲ್ಲ. ಮಿಲ್ಲಿನ ಯಜಮಾನರು ಹಂಡೆಯಿಂದ ಬಕೆಟ್ಟಿಗೆ ನೀರು ತೋಡಿದರು, ಕೈ ಅದ್ದಿ ನೋಡಿದರು, ಸರಿಯಾಗಿದೆ ಅನ್ನುವ ಹಾಗೆ ತಲೆಯಾಡಿಸಿದರು. ಕಾಕ ಕಾಲುಚೀಲ ಕಳಚಿ, ಪಂಚೆ ಎತ್ತಿಕೊಂಡು ಮೊದಲು ಒಂದು ಕಾಲನ್ನು ಕಲ್ಲಿನ ಮೇಲಿಟ್ಟರು. ಯಜಮಾನರು ಚೊಂಬು ಮುಳುಗಿಸಿ ಮುಳುಗಿಸಿ ನಿಧಾನವಾಗಿ ನೀರು ಸುರಿದರು. ಇಬ್ಬರೂ ನಗುತ್ತಾ ಮಳೆ, ಭತ್ತದ ರೇಟು ಅಂತ ಮಾತಾಡುತ್ತಿದ್ದರು.

ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ನೀರು ನನ್ನ ಪಾದಕ್ಕೆ ಸಿಡಿಯಿತು, ಕಿರುಚಿಕೊಂಡೆ. ಅದು ಬಿಸಿನೀರಲ್ಲ, ಕುದಿನೀರು. ಕಾಕನಿಗೆ ಗೊತ್ತಾಗದ್ದು ಯಾಕೆಂದು ನನಗೆ ಗೊತ್ತಿತ್ತು. ಆದರೆ ಯಜಮಾನರ ಬೆರಳುಗಳು ಅಷ್ಟು ಹೊತ್ತೂ ಅದೇ ನೀರಿನಲ್ಲಿ ಆಡುತ್ತಿದ್ದವಲ್ಲ... ನಾನು ಕಿರುಚಿದ ಮೇಲೆಯೇ ಅವರು ತಮ್ಮ ಕೆಂಪಾದ ಕೈ ನೋಡಿಕೊಂಡು ಹಿಂದಕ್ಕೆ ಮುಚ್ಚಿಟ್ಟುಕೊಂಡದ್ದು. ಕಾಕ ಗಡಿಬಿಡಿಯಿಂದ ಕಾಲೊರೆಸಿ, "ಏನಾಗಿಲ್ರೀ, ಹುಡುಗಿ ನಾಜೂಕು" ಎಂದು ಕಾಲುಚೀಲ ಏರಿಸಿಬಿಟ್ಟರು.

"ಒಳಗೆ ಫ್ರಿಜ್ಜಲ್ಲಿ ಬೆಣ್ಣೆ ಇದೆ, ಹಚ್ಕೊ ಹೋಗು ಮಾರಾಯ್ತಿ" ಎಂದು ಯಜಮಾನರ ಹೆಂಡತಿ ನನ್ನನ್ನು ಒಳಗೆ ಅಟ್ಟಿದರು. ಬೆಣ್ಣೆಯ ಬಟ್ಟಲನ್ನು ಎಳೆದುಕೊಂಡೆ. ಅದರ ಹಿಂದೆ ಒಂದು ಲೋಟದೊಳಗೆ ಅದೇ ಪುಟ್ಟ ಬಾಟಲಿ ನಿಂತಿತ್ತು. ಅದೇ ರಬ್ಬರ್ ಮುಚ್ಚಳ. ಒಂದು ಗಳಿಗೆ ನಮ್ಮ ಮನೆಯ ಫ್ರಿಜ್ಜನ್ನೇ ತೆಗೆದಿದ್ದೇನೆ ಎನಿಸಿತು. ಅಷ್ಟರಲ್ಲಿ ಆ ಅಮ್ಮ ಏನೋ ನೆನಪಾದವರಂತೆ ಓಡಿ ಬಂದು ಫ್ರಿಜ್ಜಿನ ಬಾಗಿಲು ತಳ್ಳಿದರು.

"ಯಾರದು ಅಮ್ಮಾ ಅದು?" ಎಂದೆ.

"ನಮ್ಮನೆಯವ್ರದ್ದು." ಅವರ ಮುಖ ಅಳುವಂತಾಗಿತ್ತು. "ನಿಮ್ಮ ಕಡೆಯವ್ರಿಗೆ ಹೇಳ್ಬೇಡ ಕಣೇ. ಸಕ್ಕರೆ ಇರೋ ಮನೆಗೆ ಹೆಣ್ಣು ಕೊಟ್ವಿ ಅಂತ ನೊಂದ್ಕೊಳ್ತಾರೆ. ಮೊದ್ಲೇ ಇವ್ರು, ನಮ್ಮ ಮೇಲೇ ಸಂಶಯ ಬರ್ಬಾರ್ದು ಅಂತ, ಸಕ್ಕರೆ ಮನೆತನ ಬೇಡ ಅಂದು ಹೇಳಿ ಕಳ್ಸಿದ್ರು."

ನನಗೆ ಮೊದಲು ನಗು ಬಂತು. ಆಮೇಲೆ ಬೆಣ್ಣೆಯ ಬಟ್ಟಲನ್ನು ಮುಟ್ಟದೆ ಹಾಗೇ ಕೆಳಗಿಟ್ಟೆ. ಕಾಕ ಔಷಧಿಯಿಲ್ಲದೆ ಒಣಗುತ್ತಾ ಇದ್ದ ಮನೆಯಲ್ಲೇ, ಬೆಣ್ಣೆ ಬಟ್ಟಲಿನ ಹಿಂದೆ, ಅದೇ ಔಷಧಿ ತಣ್ಣಗೆ ಕೂತಿತ್ತು.

ಹೊರಗೆ ಬಂದರೆ ಪಂಕ್ತಿಯಲ್ಲಿ ಬೀಗರಿಬ್ಬರೂ ಎದುರುಬದುರು ಕೂತಿದ್ದರು. ಎಲೆ ತುಂಬ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಮಾವಿನ ಸೀಕರಣೆಯ ಕಾಲವಲ್ಲವೆಂದು ಅದರ ಬದಲು ಸಕ್ಕರೆ ಹಾಲು. "ನಾನು ತಿಂದಷ್ಟು ನೀವೂ ತಿನ್ಬೇಕು" ಎಂದು ಅವರು, "ನೀವು ತಿಂದ್ರ ನಾನೂ ತಿಂತೀನಿ" ಎಂದು ಇವರು. ಸುತ್ತ ನಿಂತ ಜನ "ಹಾಕ್ರಿ ಬೀಗರಿಗೆ, ಇನ್ನೊಂದು ಹಾಕ್ರಿ" ಎಂದು ಹುರಿದುಂಬಿಸುತ್ತಿದ್ದರು. ನಾನು ಕಾಕನ ಹಿಂದೆ ಬಗ್ಗಿ, "ಸಾಕು ಏಳ್ರಿ ಕಾಕ" ಎಂದೆ. ಅವರು ತಿರುಗಿ ನೋಡಿದ ಕಣ್ಣಿನಲ್ಲಿ ಬೇಡಿಕೆಯಿತ್ತು. ಸುಮ್ಮನಿರು, ಇದೊಂದು ದಿನ ಸುಮ್ಮನಿರು... ಇಬ್ಬರೂ ಬೆವರುತ್ತಾ, ನಗುತ್ತಾ, ಒಬ್ಬರ ಬಾಯಿಗೊಬ್ಬರು ವಿಷ ಇಡುತ್ತಿದ್ದರು. ಇದಕ್ಕೆ ನಮ್ಮ ಜನ ಉಪಚಾರ ಎನ್ನುತ್ತಾರೆ. ಥೂ.

ವಾಪಸು ಬರುವಾಗ ಬಸ್ಸಿನಲ್ಲಿ ಕಾಕನ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಕಾಕ ನಂಬದವರಂತೆ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೊದ್ಲ ಗೊತ್ತಿದ್ರ ಇನ್ನೊಂದು ಕಡಿಮಿ ತಿಂತಿದ್ನಲ್ಲ!" ನಗು ನಿಂತ ಮೇಲೆ, "ಪಾಪ, ಅವರಿಗೂ ಎಷ್ಟು ಅಂಜಿಕಿ ಆಗಿರಬೇಕು" ಎಂದರು.

"ಈಗಲಾದ್ರೂ ಹೇಳಿಬಿಡ್ರಿ ಕಾಕ. ಇಬ್ಬರದೂ ಬಗೆಹರೀತೈತಿ."

"ಹೇಳಿ ಅವರ ಮಾರಿ ಹೆಂಗ ನೋಡ್ಲಿ? ಬೀಗರ ಮಾನ ಕಳೀಬಾರದವಾ. ಹುಡುಗಿ ಅಲ್ಲೇ ಬಾಳ್ವಿ ಮಾಡಬೇಕು."

ಶಿರಾಳಕೊಪ್ಪ ದಾಟಿದ ಮೇಲೆ ಕಾಲು ಒದ್ದೆ ಒದ್ದೆ ಎನಿಸುತ್ತದೆ ಎಂದು ಬಗ್ಗಿ ಕಾಲುಚೀಲ ಎಳೆದರು. ಕಾಲುಚೀಲದ ಜೊತೆಗೆ ಚರ್ಮವೂ ಬಂತು. ಕಾಕ ಅದನ್ನು ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದರು, ಮತ್ತೆ ಮೆಲ್ಲಗೆ ಏರಿಸಿಕೊಂಡರು. ಬೀಗರು ಹಾಕಿದ ನೀರಿನಿಂದ ಸುಟ್ಟಿತೆಂದು ಎಲ್ಲಿಯೂ ಬಾಯಿ ಬಿಡಬಾರದೆಂದು ನನ್ನಿಂದ ಮಾತು ತೆಗೆದುಕೊಳ್ಳಲು ನೋಡಿದರು. ನಾನು ಕೊಡಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತೆ.

ಆಮೇಲಿನದ್ದನ್ನು ಬರೆಯಲು ಈಗಲೂ ಹೇಸಿಗೆಯಾಗುತ್ತದೆ, ಆದರೂ ಬರೆಯಬೇಕು. ಊರಿನ ಆಸ್ಪತ್ರೆಗೆ ಹೋಗಲು ಕಾಕ ಒಪ್ಪಲಿಲ್ಲ. ಅದರ ಎದುರಿನ ಔಷಧಿ ಅಂಗಡಿಯವನು ಮಿಲ್ಲಿನ ಯಜಮಾನರ ತಂಗಿಯ ಮಗ, ಒಂದು ಚೀಟಿ ನೋಡಿದರೆ ಸಂಜೆಯೊಳಗೆ ಸೊರಬಕ್ಕೆ ಸುದ್ದಿ ಮುಟ್ಟುತ್ತದೆ ಎನ್ನುವುದು ಅವರ ಹೆದರಿಕೆ. ಶಿವಮೊಗ್ಗಕ್ಕೆ ನಾಳೆ, ನಾಡಿದ್ದು ಎನ್ನುತ್ತಾ ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಸೊಪ್ಪು ಅರೆದು ಕಟ್ಟಿದರು. ಬೆರಳುಗಳು ನೀಲಿಯಾದವು, ಆಮೇಲೆ ಕಪ್ಪಾದವು. ನೋವಿಲ್ಲವಲ್ಲ, ಅದಕ್ಕೇ ವಾಸಿಯಾಗುತ್ತಿದೆ ಎಂದು ಚಿಗವ್ವ ನಂಬಿದ್ದಳು. ಅಪ್ಪ ಕೂಗಾಡಿದರು. ಅಮ್ಮ ಇನ್ಸುಲಿನ್ ತೆಗೆದುಕೊಂಡು ಹೋಗಿ ಅವರ ಹಾಸಿಗೆಯ ಹತ್ತಿರವೇ ಕೂತು ಚುಚ್ಚಿಸುತ್ತಿದ್ದಳು. ಕಾಲು ಕೇಳಲಿಲ್ಲ.

ಯುಗಾದಿಗೆ ಹೊಸ ಅಳಿಯ ಬರುವ ಹಬ್ಬ. ಮಿಲ್ಲಿನ ಯಜಮಾನರೂ ಜೊತೆಗೆ ಬಂದರು. ಚಿಗವ್ವ ಬೆಳಗಾಗೆದ್ದು ಹೂರಣಕ್ಕಿಟ್ಟಿದ್ದಳು. ಕಾಕನನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿ, ಕಾಲಿನ ಮೇಲೆ ಜರತಾರಿ ಶಾಲು ಹೊದಿಸಿ, ಸುತ್ತ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದ್ದರು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬೆಲ್ಲದ ಹಬೆ, ಊದುಬತ್ತಿ, ಅವೆರಡರ ಕೆಳಗಿನಿಂದ ಏಳುತ್ತಿದ್ದ ಸತ್ತ ಮಾಂಸದ ವಾಸನೆ... ಶಾಲಿನ ಅಂಚಿಗೆ ನೊಣ ಮುತ್ತುತ್ತಿತ್ತು, ಕಾಕ ಬೀಸಣಿಗೆಯಿಂದ ತನಗೆ ಸೆಕೆಯಾದವರಂತೆ ಗಾಳಿ ಹಾಕಿಕೊಳ್ಳುತ್ತಾ ಅದನ್ನು ಓಡಿಸುತ್ತಿದ್ದರು.

"ಕಾಲಿಗೆ ಎಂತಾಯ್ತು ಬೀಗರೇ?" ಎಂದು ಯಜಮಾನರು ಕೇಳಿದರು.

"ಮುಳ್ಳು ಚುಚ್ಚೇತ್ರಿ."

"ಮುಳ್ಳಾ..." ಎಂದರು ಅವರು. ಅಂಥ ಕಾಲು ಯಾಕೆ ಹಾಗೆ ನಾರುತ್ತದೆ ಎನ್ನುವುದು ಆ ಕೋಣೆಯಲ್ಲಿ ಬೇರೆ ಯಾರಿಗಲ್ಲದಿದ್ದರೂ ಅವರಿಗೆ ಗೊತ್ತಿತ್ತು. ಅವರ ದೃಷ್ಟಿ ಶಾಲಿನ ಮೇಲೆ ನಿಂತಿತು, ಆಮೇಲೆ ತಮ್ಮದೇ ಕೈಯ ಮೇಲೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಎದ್ದು ಕೈ ತೊಳೆದು ಊಟಕ್ಕೆ ಕೂತರು. ಹೋಳಿಗೆ ತಿಂದರು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಹಬ್ಬ ಕಳೆದು ನೆಂಟರು ಹೋದ ಮೇಲೆ ಕಾಕನಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಆಗ ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋದದ್ದು. ಡಾಕ್ಟರು ಕಾಲು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನಮ್ಮೆಲ್ಲರನ್ನೂ ಬೈದರು. ಮೊಣಕಾಲಿನ ಮೇಲಕ್ಕೆ ತೆಗೆಯಬೇಕು ಎಂದರು. ತೆಗೆಯುವಷ್ಟು ಹೊತ್ತೂ ಕಾಕ ಉಳಿಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಕಾಕನನ್ನು ಕಟ್ಟೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕಾಲು ಕಾಣದಂತೆ ಹೊಸ ಪಂಚೆಯನ್ನು ಮಡಿಕೆ ಮಡಿಕೆಯಾಗಿ ಹೊದಿಸಿದ್ದರು. ಸತ್ತ ಮೇಲೂ ಮುಚ್ಚಿಡುವ ಕೆಲಸ ಮುಗಿದಿರಲಿಲ್ಲ. ಮಿಲ್ಲಿನ ಯಜಮಾನರು ಬಂದು, ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. "ಒಂದು ಮುಳ್ಳಿಗೆ ಹೋಗಿಬಿಟ್ರಲ್ಲ ನಮ್ಮ ಬೀಗರು" ಎಂದರು.

"ಮುಳ್ಳಲ್ಲ" ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. "ಸಕ್ಕರೆ ಕಾಯಿಲೆ. ನಿಮಗಿರೋದೇ."

ಅಳು ನಿಂತುಹೋಯಿತು. ಚಿಗವ್ವ ಎದ್ದು ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. "ದುಃಖಕ್ಕೆ ತಲಿ ಕೆಟ್ಟೈತ್ರಿ ಹುಡುಗಿಗೆ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದಳು. ಎಲ್ಲರೂ ಅದನ್ನೇ ನಂಬಿದರು, ಯಾಕೆಂದರೆ ಎಲ್ಲರಿಗೂ ಅದನ್ನೇ ನಂಬಬೇಕಿತ್ತು. ಯಜಮಾನರು ಮಾತ್ರ ತಲೆ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಅವರೂ ಹೋದರು. ಕಿಡ್ನಿ ಎರಡೂ ಕೆಟ್ಟಿದ್ದವು. ಸೊರಬದಲ್ಲಿ ಹಾರ್ಟು ಎಂದು ಹೇಳಿದರು.

ಜಗತ್ತಿನಲ್ಲಿ ಈ ಕಾಯಿಲೆಯಿಂದ ಎಷ್ಟು ಜನ ಸಾಯುತ್ತಾರೆಂದು ಈಗ ಪೇಪರಿನಲ್ಲಿ ಆಗಾಗ ಬರುತ್ತದೆ. ದೊಡ್ಡ ದೊಡ್ಡ ಸಂಖ್ಯೆಗಳು. ನಾನು ಓದಿ ಮಡಿಸಿಡುತ್ತೇನೆ. ಆ ಲೆಕ್ಕದಲ್ಲಿ ನಮ್ಮ ಕಾಕ ಇಲ್ಲ, ಅವರು ಮುಳ್ಳು ಚುಚ್ಚಿ ಸತ್ತವರು. ಸೊರಬದ ಬೀಗರೂ ಇಲ್ಲ. ನಮ್ಮ ಎರಡು ತಾಲ್ಲೂಕಿನಲ್ಲೇ ಹೀಗೆ ಮುಳ್ಳಿಗೆ, ಹಾರ್ಟಿಗೆ, ಜ್ವರಕ್ಕೆ ಎಂದು ಹೋದವರು ಎಷ್ಟೋ. ದೇಶದೇಶಗಳಲ್ಲಿ ಇನ್ನೆಷ್ಟು ಜನರ ಮೇಲೆ ಹೀಗೆ ಪಂಚೆ ಹೊದಿಸಿದ್ದಾರೋ ಯಾರಿಗೆ ಗೊತ್ತು.

ಈಚೆಗೆ ನನಗೊಂದು ಫೋನು ಬಂತು. ಚಂದ್ರಗುತ್ತಿ ಕಡೆಯ ಹೆಂಗಸು, ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಹೆಣ್ಣು ಕಾಕನ ಮೊಮ್ಮಗಳು. ನೀವು ಹುಡುಗಿಯ ತಾಯಿಯ ತವರಿನ ಪಕ್ಕದವರಂತೆ, ಮನೆತನ ಹೇಗೆ, ಮೈಯಲ್ಲಿ ಕಾಯಿಲೆ ಕಸಾಲೆ ಇದೆಯಾ ಎಂದು ಕೇಳಿದರು. ಒಳ್ಳೆಯ ಜನ, ಹುಡುಗಿ ಬಂಗಾರದಂಥವಳು ಎಂದೆ. ಇಬ್ಬರು ಅಜ್ಜಂದಿರೂ ಸಕ್ಕರೆ ಕಾಯಿಲೆಯಿಂದ ಸತ್ತರು, ಅದಕ್ಕಿಂತ ಹೆಚ್ಚಾಗಿ ಮುಚ್ಚಿಟ್ಟು ಸತ್ತರು, ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ನೀವೂ ಈಗಲೇ ಹೇಳಿಬಿಡಿ ಎಂದೆ. ಫೋನು ಕಟ್ಟಾಯಿತು.

ಸಂಜೆ ಕಾಕನ ಮಗಳೇ ಮಾಡಿದಳು. ಸಂಬಂಧ ಮುರಿದಿತ್ತು.

"ನಮ್ಮಪ್ಪ ಜೀವ ಕೊಟ್ಟು ಮುಚ್ಚಿಟ್ಟಿದ್ದನ್ನ ನೀನು ಒಂದ್ ಫೋನಿನಾಗ ಹೇಳಿಬಿಟ್ಯಲ್ಲ" ಎಂದಳು.

"ನಿಮ್ಮಪ್ಪ ಯಾಕೆ ಜೀವ ಕೊಡಬೇಕಿತ್ತು?" ಎಂದೆ.

ಅವಳಿಗೂ ಈಗ ಶುಗರ್ ಇದೆ, ಮಾತ್ರೆಯ ಡಬ್ಬಿಯನ್ನು ಸೀರೆಗಳ ನಡುವೆ ಇಡುತ್ತಾಳೆ, ಅದು ನನಗೆ ಗೊತ್ತು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬೆಂಚು ಹಂಚಿಕೊಂಡ ಗೆಳತಿ ಹೋದಳು, ಅದಕ್ಕೆ ನನಗೆ ದುಃಖವಿದೆ. ಆದರೆ ಮತ್ತೆ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ. ಕಾಕ ಇದ್ದಿದ್ದರೆ ಅವರೂ ಸಿಟ್ಟಾಗಿ ನನ್ನ ಜೊತೆ ಮಾತು ಬಿಡುತ್ತಿದ್ದರು... ಬಿಡಲಿ. ಬದುಕಿದ್ದು ಮಾತು ಬಿಟ್ಟಿದ್ದರೂ ಸಾಕಿತ್ತು.